ಕಾರಿನ ಬಾಗಿಲ ಗಾಜಿನ ಗೀರು: ಪಾಲಿಶ್ ಸಾಕಾ, ಬದಲಿಸಬೇಕಾ?

ಪ್ರಶ್ನೆ (ಪುಣೆ, ಕೋಥ್ರೂಡ್): ಡ್ರೈವರ್ ಬದಿಯ ಗಾಜಿನ ಮೇಲೆ ಮೇಲಿನಿಂದ ಕೆಳಕ್ಕೆ ಗೀರುಗಳು. ಮಳೆಯ ರಾತ್ರಿ ಬೆಳಕು ಚದುರಿ ಸೈಡ್ ಮಿರರ್ ಸರಿಯಾಗಿ ಕಾಣದು. ಏನು ಮಾಡಲಿ?

ಉತ್ತರ 1: ಉಗುರು ಆಡಿಸಿ ನೋಡಿ. ಸಿಕ್ಕಿಕೊಂಡರೆ ಗಾಜು ಬದಲಿಸಿ. ಆಳದ ಗೀರು ಉಜ್ಜಿದರೆ ಅಲ್ಲೇ ತಗ್ಗಾಗಿ ನೋಟ ಅಲೆಅಲೆಯಾಗುತ್ತದೆ. ಉಗುರು ಜಾರಿದರೆ ಸೀರಿಯಂ ಆಕ್ಸೈಡ್ ಎಂಬ ಗಾಜು ಪಾಲಿಶ್ ಪುಡಿಯನ್ನು ನೀರಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಫೆಲ್ಟ್ (ಒತ್ತಿದ ಉಣ್ಣೆ ಬಟ್ಟೆ) ಪ್ಯಾಡ್‌ನಿಂದ ಕಡಿಮೆ ವೇಗದಲ್ಲಿ ಉಜ್ಜಿ. ಒಣಗಲು ಬಿಡಬೇಡಿ. ಗಾಜು ಬಿಸಿಯಾದರೆ ನಿಲ್ಲಿಸಿ.

ಉತ್ತರ 2 (ಮುಂಬೈ): ಸರ್, ಮೊದಲು ಬಾಗಿಲ ಅಂಚಿನ ರಬ್ಬರ್ ಬೀಡಿಂಗ್ ನೋಡಿ. ಇಂಥ ಗೀರು ಸಾಮಾನ್ಯವಾಗಿ ಅಲ್ಲಿ ಕೂತ ಮರಳಿನದೇ. ಅದನ್ನು ಬಿಟ್ಟು ಹೊಸ ಗಾಜು ಹಾಕಿದರೆ ಮತ್ತೆ ಅದೇ ಗತಿ. ಹೊಸ ಗಾಜಿನ ಮೂಲೆಯಲ್ಲಿ ಐಎಸ್ 2553 (ಸುರಕ್ಷತಾ ಗಾಜಿನ ಭಾರತೀಯ ಮಾನದಂಡ) ಗುರುತು ಇರಲಿ.