ಕಾರ್ನೆಗಿ ಮೆಲನ್‌ನ ‘ಮೆಟಲ್ಸ್’ ಮಾಸ್ಟರ್ಸ್: ಟೀಚರ್‌ಗಳಿಗೆ ಸರಿಹೊಂದುತ್ತದಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಗಣಿತ ಟೀಚರ್. ಬಿಎಸ್ಸಿ, ಬಿಎಡ್ ಆಗಿದೆ. ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ‘ಮೆಟಲ್ಸ್’ ಅಂತ ಒಂದು ವರ್ಷದ ಮಾಸ್ಟರ್ಸ್ ಇದೆಯಂತೆ. ವಿಷಯ ಎಜುಕೇಷನಲ್ ಟೆಕ್ನಾಲಜಿ ಮತ್ತು ಅಪ್ಲೈಡ್ ಲರ್ನಿಂಗ್ ಸೈನ್ಸ್, ಅಂದರೆ ಟೆಕ್ನಾಲಜಿ ಬಳಸಿ ಕಲಿಸುವುದು ಮತ್ತು ಜನ ಹೇಗೆ ಕಲಿಯುತ್ತಾರೆ ಅನ್ನುವ ವಿಜ್ಞಾನ. ಇದು ನಮ್ಮ ಎಂಎಡ್ ತರಹನಾ? ಅಲ್ಲಿ ಏನು ಕಲಿಸುತ್ತಾರೆ? ಸಾಲ ಮಾಡಿ ಹೋಗಬಹುದಾ?

ಉತ್ತರ: ನಮಸ್ತೆ. ನಾನು ಅಲ್ಲಿ ಓದಿದವಳಲ್ಲ. ಲರ್ನಿಂಗ್ ಡಿಸೈನರ್ ಆಗಿ, ಅಂದರೆ ಪಾಠ, ತರಬೇತಿ ರೂಪಿಸುವವಳಾಗಿ, ಅಲ್ಲಿಂದ ಬಂದವರ ಜೊತೆ ಕೆಲಸ ಮಾಡುತ್ತೇನೆ, ಹಾಗಾಗಿ ಅವರಿಗೆ ಏನು ಬರುತ್ತದೆ ಅಂತ ಚೆನ್ನಾಗಿ ಗೊತ್ತು.

ಎಂಎಡ್ ತರಹ ಅಲ್ಲವೇ ಅಲ್ಲ. ಇದನ್ನು ನಡೆಸುವುದು ಶಿಕ್ಷಣ ವಿಭಾಗವಲ್ಲ, ಕಂಪ್ಯೂಟರ್ ಸೈನ್ಸ್ ಸ್ಕೂಲ್ ಮತ್ತು ಸೈಕಾಲಜಿ ವಿಭಾಗ ಸೇರಿ. ಓದಿ ಮುಗಿಸಿದವರು ಪಾಠ, ಆ್ಯಪ್, ತರಬೇತಿ ಇಂಥವನ್ನು ರೂಪಿಸುತ್ತಾರೆ. ಆಮೇಲೆ ಜನ ಅದರಿಂದ ನಿಜವಾಗಿ ಕಲಿತರಾ ಅಂತ ಅಳೆದು ನೋಡುತ್ತಾರೆ. ಆ ಎರಡನೇ ಭಾಗವೇ ಇದರ ಜೀವ. ಚೆಂದದ ವಿಡಿಯೋ ಮಾಡುವವರು ಬೇಕಾದಷ್ಟು ಜನ ಇದ್ದಾರೆ ಬಿಡಿ.

ನೀವು ಗಣಿತದವರು, ಅಲ್ಲಿಂದಲೇ ಹೇಳುತ್ತೇನೆ. 0.6 ಮತ್ತು 0.45ರಲ್ಲಿ ಯಾವುದು ದೊಡ್ಡದು ಅಂತ ಕೇಳಿ. ಒಬ್ಬ ಹುಡುಗ 0.45 ಅನ್ನುತ್ತಾನೆ, 6ಕ್ಕಿಂತ 45 ದೊಡ್ಡದು ಅಂತ. ಇದು ಎಲ್ಲ ಟೀಚರ್‌ಗೂ ಗೊತ್ತಿರುವ ತಪ್ಪು. ಇನ್ನೊಬ್ಬಳು 0.6 ಅನ್ನುತ್ತಾಳೆ. ಸರಿ ಅಂತ ಮಾರ್ಕ್ಸ್ ಕೊಟ್ಟು ಮುಂದೆ ಹೋಗುತ್ತೀವಿ. ಅವಳನ್ನೇ 0.3 ಮತ್ತು 0.45 ಕೇಳಿ ನೋಡಿ. ಕೆಲವು ಮಕ್ಕಳು 0.3 ದೊಡ್ಡದು ಅಂದುಬಿಡುತ್ತಾರೆ! ಪಾಯಿಂಟ್ ಆದಮೇಲೆ ಅಂಕಿ ಜಾಸ್ತಿ ಇದ್ದಷ್ಟೂ ಸಂಖ್ಯೆ ಚಿಕ್ಕದು ಅಂತ ಅವರ ಲೆಕ್ಕ. ಹತ್ತನೇ ಒಂದಕ್ಕಿಂತ ನೂರನೇ ಒಂದು ಚಿಕ್ಕದು ಅಂತ ನಾವೇ ಹೇಳಿಕೊಟ್ಟಿರುತ್ತೀವಲ್ಲ, ಅದನ್ನು ಹಾಗೆ ಹಿಡಿದುಕೊಂಡಿರುತ್ತಾರೆ. ಅಂದರೆ ಮೊದಲ ಪ್ರಶ್ನೆಗೆ ತಪ್ಪು ಯೋಚನೆಯಿಂದಲೇ ಸರಿ ಉತ್ತರ ಬಂದಿತ್ತು.

ಹೀಗೆ ಒಳಗಿನ ಯೋಚನೆ ಹೊರಗೆ ಕಾಣುವಂತೆ ಪ್ರಶ್ನೆ ಬರೆಯುವುದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಮನಸ್ಸಿನಲ್ಲಿ ಬರುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಲೆಕ್ಕ ಮಾಡು’ ಅಂತ ಕೇಳಿಸಿಕೊಳ್ಳುವುದು, ಆಮೇಲೆ ಪಾಠ ತಿದ್ದುವುದು. ಕೋರ್ಸಿನ ತಿರುಳು ಇದೇ. ಜನವರಿ ಆದಮೇಲೆ ಬೇಸಿಗೆ ಮುಗಿಯುವವರೆಗೆ ಒಂದು ತಂಡವಾಗಿ ಹೊರಗಿನ ಸಂಸ್ಥೆಯೊಂದಕ್ಕೆ ಪ್ರಾಜೆಕ್ಟ್ ಮಾಡಬೇಕು.

ಸಾಲದ ವಿಷಯ ಬಿಚ್ಚಿ ಹೇಳುತ್ತೇನೆ. ಓದಿ ಬಂದು ಮತ್ತೆ ಅದೇ ಹೈಸ್ಕೂಲಿಗೆ ಸೇರುವ ಯೋಚನೆ ಇದ್ದರೆ ಬೇಡ. ಸಂಬಳ ಅದಕ್ಕೆ ತಕ್ಕಂತೆ ಏರಲ್ಲ. ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಲೈಸೆನ್ಸ್ ಕೂಡ ಈ ಡಿಗ್ರಿಯಿಂದ ಸಿಗುವುದಿಲ್ಲ, ಅದು ಆಯಾ ರಾಜ್ಯದ ಬೇರೆ ವ್ಯವಸ್ಥೆ. ಡಿಸೈನ್ ಕಡೆಗೇ ಬರುತ್ತೀನಿ ಅನ್ನುವವರು ಮಾತ್ರ ಲೆಕ್ಕ ಹಾಕಿ ನೋಡಿ. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು 12 ತಿಂಗಳ ಓಪಿಟಿ, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಕೊಡುವ ಕೆಲಸದ ಅನುಮತಿ, ಇರುತ್ತದೆ. ಸ್ಟೆಮ್ (ವಿಜ್ಞಾನ, ಟೆಕ್ನಾಲಜಿ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಕೋರ್ಸಾದರೆ ಇನ್ನೂ 24 ತಿಂಗಳು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಅದನ್ನೇ ನಂಬಿ ಮನೆ ಅಡ ಇಡಬೇಡಿ.

ಇನ್ನೊಂದು. ನಿಮ್ಮದು 3 ವರ್ಷದ ಡಿಗ್ರಿ. ಅದರ ಮೇಲೆ ಬಿಎಡ್ ಇದ್ದರೆ ಕೆಲವು ಯೂನಿವರ್ಸಿಟಿ ಒಪ್ಪುತ್ತವೆ, ಕೆಲವು ಒಪ್ಪಲ್ಲ. ಅರ್ಜಿ ಫೀಸ್ ಕಟ್ಟುವ ಮೊದಲೇ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕಿ ಕೇಳಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಬೆಂಗಳೂರಲ್ಲಿ ಎಜುಟೆಕ್ ಕಂಪನಿಯಲ್ಲಿ ಕಂಟೆಂಟ್ ಬರೆಯುತ್ತೇನೆ. ಕೋಡಿಂಗ್ ಬರಲ್ಲ. ಆಗುತ್ತಾ? ಮತ್ತೆ ಈ ಯೂನಿವರ್ಸಿಟಿ ಇರುವ ಪಿಟ್ಸ್‌ಬರ್ಗ್‌ಗೇ ಯಾಕೆ ಇಷ್ಟು ಹೆಸರು?

ಉತ್ತರ: ಕೋಡಿಂಗ್ ಸ್ವಲ್ಪ ಬಂದರೆ ಅನುಕೂಲ. ಆದರೆ ಜನ ಎಡವುವುದು ಸ್ಟಾಟಿಸ್ಟಿಕ್ಸ್‌ನಲ್ಲಿ. ಮಕ್ಕಳು ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕದ ಒಂದೊಂದು ಹೆಜ್ಜೆಯೂ ದಾಖಲಾಗಿರುತ್ತದೆ. ಆ ತಪ್ಪುಗಳನ್ನು ಗ್ರಾಫ್ ಹಾಕಿದರೆ, ಅಭ್ಯಾಸ ಆಗುತ್ತಾ ಹೋದಂತೆ ತಪ್ಪು ಕಡಿಮೆಯಾಗುತ್ತಾ ಗೆರೆ ಕೆಳಗಿಳಿಯಬೇಕು. ಇಳಿಯದೆ ಅಡ್ಡಡ್ಡ ಹೋದರೆ, ನಾವು ಒಂದೇ ಕೌಶಲ ಅಂದುಕೊಂಡಿದ್ದು ಒಳಗೆ ಎರಡೋ ಮೂರೋ ಇರಬಹುದು. ಆ ಗೆರೆ ಓದಲು ಬರಬೇಕು.

ಹೆಸರು ಸುಮ್ನೆ ಬಂದಿದ್ದಲ್ಲ. ಮನುಷ್ಯ ಹೇಗೆ ಯೋಚಿಸುತ್ತಾನೆ ಅಂತ ಅಲ್ಲಿ ದಶಕಗಳಿಂದ ಕೆಲಸ ನಡೆದಿದೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅಲ್ಲಿದ್ದವರು. ಅಲ್ಲಿನ ಸಂಶೋಧಕರಾದ ಜಾನ್ ಆಂಡರ್ಸನ್, ಕೆನ್ ಕೋಡಿಂಗರ್ ಮುಂತಾದವರು ಬೀಜಗಣಿತ ಕಲಿಸುವ ‘ಕಾಗ್ನಿಟಿವ್ ಟ್ಯೂಟರ್’ ಸಾಫ್ಟ್‌ವೇರ್ ಕಟ್ಟಿದರು. 1990ರ ದಶಕದಲ್ಲಿ ಅದು ಪಿಟ್ಸ್‌ಬರ್ಗ್ ಶಾಲೆಗಳಿಗೆ ಹೋಯಿತು. 1998ರಲ್ಲಿ ಅದರಿಂದಲೇ ಕಾರ್ನೆಗಿ ಲರ್ನಿಂಗ್ ಕಂಪನಿ ಹುಟ್ಟಿತು.

ಕೋಡಿಂಗರ್ ಮತ್ತು ಮಿಚೆಲ್ ನೇಥನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟ. ಅದರಲ್ಲಿನ ಒಂದು ಲೆಕ್ಕ ಹೀಗಿದೆ: ಒಬ್ಬ ಹೋಟೆಲ್ ಸರ್ವರ್ 6 ಗಂಟೆ ಕೆಲಸ ಮಾಡಿದ. ಟಿಪ್ಸ್ 66 ಡಾಲರ್ ಸೇರಿ ಒಟ್ಟು 81.90 ಬಂತು. ಗಂಟೆಗೆ ಎಷ್ಟು? ಇದೇ ಲೆಕ್ಕವನ್ನು 6x + 66 = 81.90 ಅಂತಲೂ ಕೊಟ್ಟರು. ಬರೀ ಸಮೀಕರಣವೇ ಮಕ್ಕಳಿಗೆ ಸುಲಭ ಅಂತ ಟೀಚರ್‌ಗಳ ಅಂದಾಜು. ಆದರೆ ಹೈಸ್ಕೂಲ್ ಮಕ್ಕಳು ಕಥೆಯ ಲೆಕ್ಕವನ್ನೇ ಹೆಚ್ಚು ಸರಿ ಮಾಡಿದರು. ಸಮೀಕರಣ ಓದುವುದೇ ಅವರಿಗೆ ಇನ್ನೂ ಬಂದಿರಲಿಲ್ಲ. ಹಾಗಂತ ಕಥೆ ಯಾವಾಗಲೂ ಸುಲಭ ಅಂತಲ್ಲ. ಲೆಕ್ಕ ತೊಡಕಾದಾಗ ಸಮೀಕರಣವೇ ಗೆಲ್ಲುತ್ತದೆ ಅಂತ ಮುಂದಿನ ಅಧ್ಯಯನದಲ್ಲಿ ಕಂಡಿತು.

ಮೊದಲು ಕೇಳಿದವರು: ಸಾಲ ಕೇಳಿ ನಮ್ಮ ಮನೆಯವರು ಈಗಾಗಲೇ ಗಾಬರಿ ಆಗಿದ್ದಾರೆ 😀 ಇಲ್ಲೇ ಏನಾದರೂ ಇದೆಯಾ ಮೇಡಂ?

ಉತ್ತರ: ಅವರ ಗಾಬರಿಯಲ್ಲಿ ತಪ್ಪಿಲ್ಲ. ಇದೇ ಪಡಿಯಚ್ಚು ಇಲ್ಲಿ ಹುಡುಕಬೇಡಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯ 2 ವರ್ಷದ ಎಂಎ ಎಜುಕೇಷನ್ ನೋಡಿ. ಅಲ್ಲಿ ಸಮಾಜ, ನೀತಿ, ಶಾಲೆಯ ಕಡೆಗೆ ಒತ್ತು ಜಾಸ್ತಿ, ಅಳತೆ ಮತ್ತು ಟೆಕ್ನಾಲಜಿ ಕಡಿಮೆ. ಸಂಶೋಧನೆಗೇ ಇಳಿಯುವುದಾದರೆ ಐಐಟಿ ಬಾಂಬೆಯಲ್ಲಿ ಎಜುಕೇಷನಲ್ ಟೆಕ್ನಾಲಜಿಯಲ್ಲೇ ಪಿಎಚ್‌ಡಿ ಇದೆ.

ಎಲ್ಲಿಗೆ ಅರ್ಜಿ ಹಾಕಿದರೂ ಈ ವರ್ಷವೇ ಒಂದು ಕೆಲಸ ಮಾಡಿಟ್ಟುಕೊಳ್ಳಿ. ದಶಮಾಂಶದ ಪಾಠಕ್ಕೆ ಮೊದಲು ಹತ್ತು ಪ್ರಶ್ನೆ, ಪಾಠ ಆದಮೇಲೆ ಹತ್ತು, ತಿಂಗಳು ಬಿಟ್ಟು ಮತ್ತೆ ಹತ್ತು. ಯಾರು ಯಾವ ತಪ್ಪು ಮಾಡಿದರು, ನೀವು ಏನು ಬದಲಾಯಿಸಿದಿರಿ ಅಂತ ಬರೆದಿಡಿ. ‘ನನಗೆ ಬೋಧನೆಯಲ್ಲಿ ಅಪಾರ ಆಸಕ್ತಿ’ ಅನ್ನುವ ಅರ್ಜಿ ರಾಶಿ ಬಿದ್ದಿರುತ್ತವೆ. ಇಂಥ ಒಂದು ಪುಟ ಇಟ್ಟುಕೊಂಡು ಬರುವವರು ಕಡಿಮೆ. ಪ್ರಶ್ನೆಗಳನ್ನು ಬರೆದಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.