‘ಗ್ರಾಫಿಟಿ’ಗೆ ‘ಗೀಚುಬರಹ’ ಅನ್ನಬಹುದೇ?

ಬೀದಿಯ ಗೋಡೆಗಳ ಮೇಲಿನ ಚಿತ್ರ ನೋಡಲು ಹೋಗುವವರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಹುಡುಕುತ್ತಿದ್ದೇನೆ. ‘ಸ್ಟ್ರೀಟ್ ಆರ್ಟ್’ಗೆ ತೊಡಕಿಲ್ಲ. ‘ಬೀದಿನಾಟಕ’ ಎಲ್ಲರಿಗೂ ಗೊತ್ತಿರುವಾಗ ‘ಬೀದಿಚಿತ್ರ’ವೂ ಸಲೀಸಾಗಿ ನಡೆಯುತ್ತದೆ. ನಾನು ನಿಂತುಬಿಟ್ಟಿರುವುದು ‘ಮ್ಯೂರಲ್’ (ಗೋಡೆಯ ಮೇಲೆ ಬಿಡಿಸಿದ ದೊಡ್ಡ ಚಿತ್ರ) ಮತ್ತು ‘ಗ್ರಾಫಿಟಿ’ (ಗೋಡೆಯ ಮೇಲೆ ಗೀಚಿದ ಹೆಸರು, ಅಕ್ಷರ, ಗೆರೆ) ಹತ್ತಿರ. ಎರಡಕ್ಕೂ ಸುಮ್ನೆ ‘ಗೋಡೆಬರಹ’ ಅಂದರೆ ಸಾಲದು. ಆ ಪದ ಕೇಳಿದ ಕೂಡಲೇ ನಮಗೆ ಚುನಾವಣೆಯ ಘೋಷಣೆ ನೆನಪಾಗುತ್ತದೆ.

ಎರಡು ಪದ ಯಾಕೆ ಬೇಕು ಅಂದರೆ, ಬರ್ಲಿನ್‌ನ ಈಸ್ಟ್ ಸೈಡ್ ಗ್ಯಾಲರಿಯನ್ನೇ ನೋಡಿ. ಒಡೆದ ಬರ್ಲಿನ್ ಗೋಡೆಯಲ್ಲಿ ಉಳಿದ ಸುಮಾರು 1.3 ಕಿಲೋಮೀಟರ್ ಭಾಗದ ಮೇಲೆ 1990ರಲ್ಲಿ ಹಲವು ದೇಶಗಳ ಕಲಾವಿದರು ಚಿತ್ರ ಬಿಡಿಸಿದರು. ಬಿಸಿಲು, ಮಳೆಗೆ ಬಣ್ಣ ಮಾಸಿತು. ನೋಡಲು ಬಂದವರು ಚಿತ್ರಗಳ ಮೇಲೆಯೇ ಹೆಸರು, ಸಹಿ ಗೀಚಿದರು. 2009ರಲ್ಲಿ ಚಿತ್ರಗಳನ್ನು ಮತ್ತೆ ಬಿಡಿಸಬೇಕಾಯಿತು. ಇದನ್ನು ‘ಗೋಡೆಬರಹದ ಮೇಲೆ ಗೋಡೆಬರಹ’ ಅಂತ ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ?

ಗ್ರಾಫಿಟಿಯ ಮೂಲ ಇಟಾಲಿಯನ್. ಅಲ್ಲಿನ ಕ್ರಿಯಾಪದಕ್ಕೆ ಕೆರೆಯುವುದು, ಗೀರುವುದು ಎಂಬ ಅರ್ಥ. ನಮ್ಮ ‘ಗೀಚು’ ಕೂಡ ಹಾಗೆಯೇ: ಮುಳ್ಳು ಚರ್ಮ ಗೀಚುತ್ತದೆ, ಪೆನ್ನು ಕಾಗದ ಗೀಚುತ್ತದೆ. ಹಾಗಾಗಿ ನನಗೆ ‘ಗೀಚುಬರಹ’ ತುಂಬಾ ಹಿಡಿಸಿದೆ. ‘ಗೀಚು’ ಅಂದರೆ ಕೀಳು ಮಾಡಿದಂತೆ ಅಲ್ವಾ ಎಂದು ಗೆಳೆಯರೊಬ್ಬರು ಕೇಳಿದರು. ಅದು ತಳ್ಳಿಹಾಕುವ ಮಾತಲ್ಲ. 1970ರ ದಶಕದ ನ್ಯೂಯಾರ್ಕ್‌ನಲ್ಲಿ ರೈಲುಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದ ಹುಡುಗರು ತಮ್ಮನ್ನು ‘ರೈಟರ್‌’ಗಳು ಎಂದೇ ಕರೆದುಕೊಂಡರು. ಅಕ್ಷರದ ತಿರುವಿಗೆ ಅವರು ಪಟ್ಟ ಶ್ರಮ ಸಣ್ಣದಲ್ಲ. ಆದರೂ ನಮ್ಮ ಕವಿಗಳು ‘ನಾಲ್ಕು ಸಾಲು ಗೀಚಿದ್ದೇನೆ’ ಅನ್ನುವುದಿಲ್ಲವೇ? ಅಲ್ಲಿ ಇರುವುದು ವಿನಯ, ತಾತ್ಸಾರವಲ್ಲ.

ಮ್ಯೂರಲ್‌ಗೆ ‘ಭಿತ್ತಿಚಿತ್ರ’ ಇದ್ದೇ ಇದೆ. ಆದರೆ ಅದು ಅಜಂತಾದ ಕಡೆ ಎಳೆಯುತ್ತದೆ, ‘ಭಿತ್ತಿಪತ್ರ’ದ ಜೊತೆ ಗೊಂದಲವೂ ಆಗುತ್ತದೆ. ನನ್ನ ಒಲವು ‘ಗೋಡೆಚಿತ್ರ’ದ ಕಡೆ.

ಇನ್ನು ಇಂಥ ಚಿತ್ರಗಳಿರುವ ಜಾಗಕ್ಕೆ ಏನನ್ನೋಣ? ಮಯಾಮಿಯ ವಿನ್‌ವುಡ್ ವಾಲ್ಸ್‌ನಲ್ಲಿ 2009ರಿಂದ ಗೋದಾಮುಗಳ ಗೋಡೆಗೆ ಕಲಾವಿದರನ್ನು ಕರೆಸಿ ಬರೆಸುತ್ತಾರೆ. ಮೆಲ್ಬರ್ನ್‌ನ ಹೋಸಿಯರ್ ಲೇನ್‌ನಲ್ಲಿ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯುತ್ತಲೇ ಇರುತ್ತಾರೆ. ಹೋದ ಸಲ ಕಂಡ ಚಿತ್ರ ಈ ಸಲ ಇರುತ್ತದೆ ಅನ್ನುವಂತಿಲ್ಲ. ಎರಡಕ್ಕೂ ಹೊಂದುವಂತೆ ‘ಚಿತ್ರಗೇರಿ’ ಅಂದರೆ ಹೇಗೆ? ಕುಂಬಾರಗೇರಿ ಇದ್ದ ಹಾಗೆ. ‘ಬಯಲು ಚಿತ್ರಶಾಲೆ’ಯನ್ನೂ ಯೋಚಿಸಿದ್ದೆ, ಆದರೆ ‘ಶಾಲೆ’ ಅಂದ ಕೂಡಲೇ ಪಾಠ ಹೇಳುವ ಜಾಗ ಅನ್ನಿಸುತ್ತದೆ. ‘ಕೇರಿ’ಯಲ್ಲಿ ಜನ ಬದುಕುತ್ತಾರೆ, ಅದೇ ಮುಖ್ಯ.

ನಿಮ್ಮ ಕಡೆಯ ಮಾತಿನಲ್ಲಿ ‘ಗೀಚು’ ಮತ್ತು ‘ಗೀರು’ ನಡುವೆ ವ್ಯತ್ಯಾಸ ಇದೆಯೇ? ಒಂದೆರಡು ಬಳಕೆಯ ವಾಕ್ಯಗಳ ಜೊತೆ ತಿಳಿಸಿದರೆ ಜಾಸ್ತಿ ಉಪಕಾರವಾಗುತ್ತದೆ.