ಟೆಕ್ನೀಷಿಯಂ ಬೇಕೋ, ಡಾಪ್ಲರ್ ಸಾಕೋ?

ಗುಂಪು: ದಾವಣಗೆರೆ ಮೆಡಿಕಲ್ ಗೆಳೆಯರು

ತಿಪ್ಪೇಸ್ವಾಮಿ: (ಫಾರ್ವರ್ಡ್) "ನಿಮಿರು ದೌರ್ಬಲ್ಯದ ಕಾರಣ ಒಂದೇ ವಿಕಿರಣ ಸ್ಕ್ಯಾನಿನಲ್ಲಿ ಪತ್ತೆ!" ಚಳ್ಳಕೆರೆಯಿಂದ ಬಸ್ ಹತ್ತಿ ಬರೋ ಶುಗರ್ ಪೇಷಂಟ್‌ಗೆ ಇದನ್ನ ಬರ್ಕೊಡಬಹುದಾ?

ರೇಖಾ: ಬೇಡಪ್ಪ. ರಕ್ತದ ಹರಿವು ಅಳೆಯೋ ಅಲ್ಟ್ರಾಸೌಂಡ್, ಅಂದ್ರೆ ಡಾಪ್ಲರ್ ಇರುವಾಗ ಅದ್ಯಾಕೆ?

ಮಂಜು: ಹಂಗೆ ತಳ್ಳಿಹಾಕಬೇಡ ರೇಖಾ. ಮೊದಲು ರಕ್ತಕಣವನ್ನ ಸಿದ್ಧ ಮಾಡೋ ಸ್ಟ್ಯಾನಸ್ ಪೈರೋಫಾಸ್ಫೇಟ್ ಐವಿ. 20 ನಿಮಿಷ ಬಿಟ್ಟು ಟೆಕ್ನೀಷಿಯಂ-99ಎಂ ಅನ್ನೋ ವಿಕಿರಣ ವಸ್ತು, ಸುಮಾರು 20 ಮಿಲಿಕ್ಯೂರಿ. ಕೆಂಪು ರಕ್ತಕಣಕ್ಕೇ ಅಂಟ್ಕೊಂಡು ನಾಳದೊಳಗೇ ಉಳಿಯುತ್ತೆ. ಆಮೇಲೆ ಗಾಮಾ ಕ್ಯಾಮೆರಾ ಕೆಳಗೆ ಮಲಗಿಸಿ, ಶಿಶ್ನದ ಬದಿಗೆ ನಿಮಿರಿಸೋ ಮದ್ದು ಪ್ರೋಸ್ಟಗ್ಲಾಂಡಿನ್ ಇ1, 10 ಮೈಕ್ರೋಗ್ರಾಂ ಇಂಜೆಕ್ಷನ್. ಎಣಿಕೆಯ ಗೆರೆ ಸರ್ರನೆ ಏರಿ ನಿಲ್ಲಬೇಕು. ತೆವಳಿಕೊಂಡು ಏರಿದ್ರೆ ಧಮನಿ ಮೇಲೆ ಅನುಮಾನ, ಏರಿ ಇಳಿದ್ರೆ ವೀನಸ್ ಲೀಕ್ ಮೇಲೆ, ಅಂದ್ರೆ ತುಂಬಿದ ರಕ್ತ ಸಿರೆಯಿಂದ ಸೋರಿಹೋಗೋದು. ಎಷ್ಟು ರಕ್ತ ತುಂಬ್ತು ಅನ್ನೋದನ್ನ ನಿನ್ನ ಪ್ರೋಬ್ ಹೇಳುತ್ತಾ?

ರೇಖಾ: ಇಲ್ಲ, ಒಪ್ತೀನಿ. ಆದ್ರೆ ಎಡವೋ ಬಲವೋ ನಿನ್ನ ಗೆರೆ ಹೇಳಲ್ಲ. ಡಾಪ್ಲರ್‌ನಲ್ಲಿ ಶಿಶ್ನದೊಳಗಿನ ಎರಡೂ ಕಾವರ್ನೋಸಲ್ ಧಮನಿ ಬೇರೆ ಬೇರೆ ಕಾಣುತ್ತೆ. ಇಂಜೆಕ್ಷನ್ ಆದ್ಮೇಲೆ 5, 10, 15, 20ನೇ ನಿಮಿಷಕ್ಕೆ ಅಳೀತೀವಿ. ಸಿಸ್ಟಾಲಿಕ್ ವೇಗ (ಹೃದಯ ಹಿಂಡಿದಾಗಿನ ರಕ್ತದ ವೇಗ) ಸೆಕೆಂಡಿಗೆ 25 ಸೆಂಮೀಗಿಂತ ಕಮ್ಮಿ ಇದ್ರೆ ಧಮನಿ ತೊಂದ್ರೆ. ಅದು ಚೆನ್ನಾಗಿದ್ದೂ ಡಯಾಸ್ಟಾಲಿಕ್ (ಹೃದಯ ಸಡಿಲಾದಾಗಿನ ವೇಗ) 5 ದಾಟಿದ್ರೆ ಲೀಕ್. ವಿಕಿರಣವೂ ಇಲ್ಲ.

ಮಂಜು: ಮೂತ್ರಕೋಶ ಖಾಲಿ ಮಾಡಿಸದೆ ಇದ್ರೆ ನನ್ನ ಎಣಿಕೆ ಕೆಡುತ್ತೆ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿದ್ರೆ ಟೆಕ್ನೀಷಿಯಂ ರಕ್ತಕಣಕ್ಕೆ ಸರಿಯಾಗಿ ಅಂಟಲ್ಲ. ಅದು ನಿಜ.

ಬಸವರಾಜ: ಇಬ್ಬರೂ ಒಂದು ಬಿಟ್ರಿ. ತಣ್ಣನೆ ರೂಮು, ಬಾಗಿಲು ತೆಗೆದು ಹಾಕೋ ಜನ, ಹೆದರಿದ ಪೇಷಂಟ್. ಅಡ್ರಿನಲಿನ್ ಏರಿ ಸ್ನಾಯು ಸಡಿಲಾಗಲ್ಲ, ಇಲ್ಲದ ಲೀಕ್ ಎರಡು ಪರೀಕ್ಷೆಯಲ್ಲೂ ಕಾಣುತ್ತೆ. ಎರಡನೇ ಡೋಸ್ ಕೊಟ್ಟು ನೋಡದೆ "ಲೀಕ್" ಅಂತ ರಿಪೋರ್ಟ್ ಬರೀಬೇಡಿ, ಆ ಪದ ಓದಿದವನ ಸಂಸಾರವೇ ಅಲ್ಲಾಡುತ್ತೆ. ಮತ್ತೆ ನಿಮಿರು 4 ಗಂಟೆ ದಾಟಿಯೂ ಇಳೀದಿದ್ರೆ ಎಮರ್ಜೆನ್ಸಿ ಅಂತ ಪೇಷಂಟ್‌ನ ಮನೆಗೆ ಕಳಿಸೋ ಮುಂಚೆ ಹೇಳಬೇಕು. ರಕ್ತ ಎಳೆದು, ನಾಳ ಬಿಗಿಸೋ ಫಿನೈಲೆಫ್ರಿನ್ ಹಾಕಬೇಕಾಗುತ್ತೆ.

ತಿಪ್ಪೇಸ್ವಾಮಿ: ಹಂಗಾದ್ರೆ ನನ್ನ ಶುಗರ್ ಪೇಷಂಟ್‌ಗೆ?

ಬಸವರಾಜ: ಸ್ಕ್ಯಾನ್ ಆಮೇಲೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಲಿಪಿಡ್, ಬೆಳಗಿನ ಟೆಸ್ಟೋಸ್ಟಿರೋನ್, ಬಿಪಿ ಮಾತ್ರೆ ಯಾವ್ದು ಅಂತ ನೋಡು. ಇಸಿಜಿ ಮರೀಬೇಡ, ಶಿಶ್ನದ ಧಮನಿ ಹೃದಯದ ಕೊರೊನರಿಗಿಂತ ಸಣ್ಣದು, ಅಲ್ಲೇ ಮೊದಲು ಕಟ್ಟೋದು. ಬೈಕ್‌ನಿಂದ ಬಿದ್ದು ಪೆಲ್ವಿಸ್ ಮುರಿದ ಹುಡುಗನಾದ್ರೆ ಬೇರೆ ಮಾತು, ಅವನಿಗೆ ನೇರ ಡಾಪ್ಲರ್.

ತಿಪ್ಪೇಸ್ವಾಮಿ: ನಿಮಿರು ಮಾತ್ರೆ ಸಿಲ್ಡೆನಾಫಿಲ್ 50 ಮಿಗ್ರಾಂ ಕೊಟ್ಟಿದ್ದೆ, ಕೆಲಸ ಮಾಡ್ಲಿಲ್ಲ ಅಂದ.

ಬಸವರಾಜ: ಹೊಟ್ಟೆ ತುಂಬ ಉಂಡು ನುಂಗಿರ್ತಾನೆ, ಕೇಳು. ಖಾಲಿ ಹೊಟ್ಟೇಲಿ, ಒಂದು ಗಂಟೆ ಮೊದಲು. ಅದಕ್ಕೂ ಮುಂಚೆ ಜೇಬಲ್ಲಿ ಎದೆನೋವಿನ ಸಾರ್ಬಿಟ್ರೇಟ್ ಐತಾ ಕೇಳು, ಇದ್ರೆ ಸಿಲ್ಡೆನಾಫಿಲ್ ಕೊಡಲೇಬೇಡ.